ಗುಂಗುರು ಕೂದಲು: ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಕೂತು ಬರೆದ ಉತ್ತರಗಳು

ಬಸ್‌ಸ್ಟಾಪಿನಲ್ಲಿ, ಮದುವೆ ಮನೆಯ ಪಂಕ್ತಿಯಲ್ಲಿ, ಆಫೀಸಿನ ಲಿಫ್ಟಿನಲ್ಲಿ ಯಾರಾದರೊಬ್ಬರು ನನ್ನ ತಲೆ ಬಗ್ಗೆ ಕೇಳಿಯೇ ಕೇಳುತ್ತಾರೆ. ಹೇಳಿದ್ದನ್ನೇ ಎಷ್ಟು ಸಲ ಹೇಳೋದು ಅಂತ ಒಂದು ಭಾನುವಾರ, ಕೂದಲು ಒಣಗೋ ತನಕ ಕೂತು ಎಲ್ಲವನ್ನೂ ಬರೆದಿಟ್ಟೆ. ನಾನು ಡಾಕ್ಟರ್ ಅಲ್ಲ, ಪಾರ್ಲರ್‌ನವಳೂ ಅಲ್ಲ. 38 ವರ್ಷದಿಂದ ಈ ಕೂದಲು ಹೊತ್ತು ತಿರುಗುತ್ತಿರುವವಳು. ಮೊದಲ 26 ವರ್ಷ ಅದರ ಜೊತೆ ಜಗಳ ಆಡಿದ್ದೇ ಆಯಿತು.

ಇದು ನಿಜವಾದ ಕೂದಲಾ? ಪಾರ್ಲರಲ್ಲಿ ಮಾಡಿಸಿದ್ದಾ?

ನಿಜವಾದದ್ದೇ. ದಯವಿಟ್ಟು ಎಳೆದು ನೋಡಬೇಡಿ.

ನನ್ನದು ಗುಂಗುರೋ, ಸುಮ್ನೆ ಒರಟೋ? ಹೇಗೆ ಗೊತ್ತಾಗುತ್ತೆ?

ನಮ್ಮಲ್ಲಿ ಗುಂಗುರು ಅಂದರೆ ಸ್ಪ್ರಿಂಗಿನ ಹಾಗೆ ಸುತ್ತಿಕೊಂಡ ಕೂದಲು ಮಾತ್ರ ಅಂತ ಲೆಕ್ಕ. ಉಳಿದದ್ದಕ್ಕೆಲ್ಲ 'ಒರಟು', 'ಕೆದರಿದ ಕೂದಲು', 'ಪೊದೆ' ಅನ್ನೋ ಹೆಸರು. ನಮ್ಮಮ್ಮ ಜೀವನಪೂರ್ತಿ ತನ್ನದು ಒರಟು ಕೂದಲು ಅಂದುಕೊಂಡಿದ್ದಳು. ದಿನಾ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹಾಕಿ, ತುರುಬು ಕಟ್ಟಿದರೆ ಮುಗಿಯಿತು. ಅರವತ್ತು ದಾಟಿದ ಮೇಲೆ ಒಂದು ದಿನ ತಲೆಸ್ನಾನ ಮಾಡಿ ಬಾಚದೆ ಹಾಗೇ ಬಿಟ್ಟಾಗ ಕಿವಿಯ ಹಿಂದೆ, ಕತ್ತಿನ ಬಳಿ ಚೆಂದದ ಸುರುಳಿಗಳು ಬಂದವು. ಕನ್ನಡಿ ಮುಂದೆ ನಿಂತು "ಇದ್ಯಾವಾಗಿಂದ ಇತ್ತೇ?" ಅಂತ ನನ್ನನ್ನೇ ಕೇಳಿದಳು.

ನೀವೂ ಅದನ್ನೇ ಮಾಡಿ ನೋಡಿ. ತಲೆ ತೊಳೆದು ಕಂಡೀಷನರ್ ಹಾಕಿ. ಟವೆಲ್‌ನಲ್ಲಿ ತಿಕ್ಕಬೇಡಿ, ಬಾಚಬೇಡಿ, ಒಣಗೋ ತನಕ ಮುಟ್ಟಲೂ ಬೇಡಿ. ಅಲೆಯೋ ಸುರುಳಿಯೋ ಬಂದರೆ ನೀವು ನಮ್ಮ ಕಡೆಯವರು.

2ಬಿ, 3ಎ ಅಂತೆಲ್ಲ ಹೇಳುತ್ತಾರಲ್ಲ, ಅದು ಓಪ್ರಾ ವಿನ್‌ಫ್ರೀ ಅವರ ಕೇಶ ವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಹುಟ್ಟುಹಾಕಿದ ಲೆಕ್ಕ. 1 ನೇರ, 2 ಅಲೆ, 3 ಸುರುಳಿ, 4 ತುಂಬಾ ಬಿಗಿ ಸುರುಳಿ. ನನ್ನ ತಲೆಯಲ್ಲಿ ಮುಂದೆ 2ಸಿ, ಹಿಂದೆ 3ಬಿ, ನಡುನೆತ್ತಿಯಲ್ಲಿ ಯಾವ ಲೆಕ್ಕಕ್ಕೂ ಸಿಗದ ಒಂದು ಗುಂಪು ಇದೆ. ನಂಬರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಕೂದಲು ಗುಂಗುರಾಗೋದು ಯಾಕೆ?

ಚಕ್ಕುಲಿ ಒರಳು ನೋಡಿದ್ದೀರಲ್ಲ? ಹಿಟ್ಟು ಒಂದೇ. ಬಿಲ್ಲೆಯ ತೂತು ಹೇಗಿದೆಯೋ ಹಾಗೆ ಎಳೆ ಬರುತ್ತದೆ. ಕೂದಲೂ ಸುಮಾರಾಗಿ ಹಾಗೇ. ಚರ್ಮದೊಳಗೆ ಕೂದಲು ಹುಟ್ಟುವ ಗುಳಿ ನೆಟ್ಟಗೆ, ದುಂಡಗೆ ಇದ್ದರೆ ನೇರ ಕೂದಲು. ಗುಳಿಯೇ ಬಾಗಿದ್ದರೆ ಎಳೆ ಚಪ್ಪಟೆಯಾಗಿ, ಸುತ್ತಿಕೊಂಡು ಬರುತ್ತದೆ. ಇದು ಅಪ್ಪ ಅಮ್ಮನಿಂದ ಬಂದದ್ದು. ಶಾಂಪೂ ಬದಲಿಸಿದರೆ ಗುಳಿ ಬದಲಾಗಲ್ಲ.

ಇನ್ನೊಂದು ವಿಷಯ. ನೆತ್ತಿಯಲ್ಲಿ ಹುಟ್ಟುವ ಎಣ್ಣೆ ನೇರ ಕೂದಲಿನಲ್ಲಿ ಸಲೀಸಾಗಿ ಕೆಳಗೆ ಇಳಿಯುತ್ತದೆ. ನಮ್ಮದರಲ್ಲಿ ಆಗುಂಬೆ ಘಾಟಿಯಷ್ಟು ತಿರುವು. ಎಣ್ಣೆ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಅದಕ್ಕೇ ನೆತ್ತಿ ಜಿಡ್ಡು, ತುದಿ ಒಣ. ಗುಂಗುರು ಕೂದಲಿನ ಆರೈಕೆಯಲ್ಲಿ ಮುಕ್ಕಾಲು ಪಾಲು ಈ ಒಣಗಿದ ತುದಿಯನ್ನು ಸಂಭಾಳಿಸುವುದೇ.

ಧರ್ಮಸ್ಥಳದಲ್ಲೋ ತಿರುಪತಿಯಲ್ಲೋ ಮುಡಿ ಕೊಟ್ಟರೆ ನೇರ ಕೂದಲು ಬರುತ್ತಂತೆ, ಹೌದಾ?

ಇಲ್ಲ. ಹರಕೆ ಇದ್ದರೆ ಕೊಡಿ, ಕೂದಲಿನ ಆಸೆಗೆ ಬೇಡ. ಬ್ಲೇಡು ಮೇಲಿನದನ್ನು ಬೋಳಿಸುತ್ತದೆ, ಗುಳಿ ಚರ್ಮದೊಳಗೇ ಇರುತ್ತದೆ. ಆದರೆ ವಯಸ್ಸಿಗೆ ಬಂದಾಗ, ಬಸುರಿ ಬಾಣಂತನದಲ್ಲಿ, ಕೀಮೋಥೆರಪಿ ಆದ ಮೇಲೆ ಕೂದಲಿನ ಸ್ವಭಾವ ಬದಲಾಗುವುದುಂಟು. ಪುಟ್ಟ ಮಗುವಿನ ಕೂದಲೂ ಬೆಳೆಯುತ್ತಾ ಬದಲಾಗುತ್ತದೆ. ಮೊದಲ ಮುಡಿ ತೆಗೆಸಿದ ಹೊತ್ತಿಗೇ ಆ ಬದಲಾವಣೆ ಆಗುವುದರಿಂದ ಹೆಸರು ಬ್ಲೇಡಿಗೆ ಹೋಗುತ್ತದೆ, ಅಷ್ಟೇ.

ದಿನಾ ಬಾಚಬಾರದು ಅಂತೀರಾ?

ಒಣ ಕೂದಲನ್ನು ಬಾಚಬಾರದು ಅಂತೀನಿ.

ಇದನ್ನು ಹೇಳುವಾಗ ನನಗೆ ನೆನಪಾಗುವುದು ಅಡುಗೆಮನೆ ಬಾಗಿಲಿನ ಹೊಸ್ತಿಲು. ಸ್ಕೂಲಿಗೆ ಮುಂಚೆ ಅಮ್ಮ ಮೇಲೆ, ನಾನು ಕೆಳಗೆ. ಅವಳ ಎರಡು ಮೊಣಕಾಲಿನ ನಡುವೆ ನನ್ನ ತಲೆ ಸಿಕ್ಕಿಸಿಕೊಂಡು ಬಾಚುವಳು. ಹಸಿರು ಪ್ಲಾಸ್ಟಿಕ್ ಬಾಚಣಿಗೆ, ಸಣ್ಣ ಹಲ್ಲಿನದು, ಅದರಲ್ಲಿ ಮೂರು ಹಲ್ಲು ಆಗಲೇ ನನ್ನ ತಲೆಯಲ್ಲೇ ಮುರಿದಿದ್ದವು. ಬುಡದಿಂದ ಶುರು ಮಾಡಿ ಒಂದೇ ಸಮ ಎಳೆದರೆ ಕಣ್ಣಲ್ಲಿ ನೀರು. ಸಿಕ್ಕು ಬಿಡಿಸುವಾಗ ಬರುವ ಆ ಚಟಪಟ ಶಬ್ದ ಇದೆಯಲ್ಲ, ಅದು ಸಿಕ್ಕು ಬಿಡುವ ಶಬ್ದ ಅಂದುಕೊಂಡಿದ್ದೆ. ಕೂದಲು ತುಂಡಾಗುವ ಶಬ್ದ ಅದು. ಆಮೇಲೆ ಎರಡು ಜಡೆ, ಮಡಚಿ ಕಟ್ಟಿದ ರಿಬ್ಬನ್. ಮಧ್ಯಾಹ್ನದ ಹೊತ್ತಿಗೆ ಹಣೆಯ ಸುತ್ತ ಎಲ್ಲಾ ಎದ್ದು ನಿಂತಿರುತ್ತಿತ್ತು. "ಮನೇಲಿ ಯಾರೂ ತಲೆ ಬಾಚಲ್ವಾ?" ಅಂತ ಟೀಚರ್ ಕೇಳುವರು. ಬಾಚಿದ್ದೇ ಜಾಸ್ತಿಯಾಗಿತ್ತು.

ಒದ್ದೆ ಇರುವಾಗ, ಕಂಡೀಷನರ್ ತಲೆಯಲ್ಲಿ ಇರುವಾಗ, ಅಗಲ ಹಲ್ಲಿನ ಬಾಚಣಿಗೆಯಿಂದಲೋ ಬೆರಳಿನಿಂದಲೋ ಬಿಡಿಸಿ. ತುದಿಯಿಂದ ಶುರು ಮಾಡಿ ಮೇಲೆ ಮೇಲೆ ಬನ್ನಿ. ಆಮೇಲೆ ಮುಂದಿನ ತಲೆಸ್ನಾನದ ತನಕ ಬಾಚಣಿಗೆ ಎತ್ತಿಡಿ.

ಸ್ನಾನ ಮಾಡುವಾಗ ಕೈ ತುಂಬಾ ಕೂದಲು ಬರುತ್ತೆ. ಬೋಳಾಗ್ತೀನಾ?

ಎಲ್ಲರಿಗೂ ದಿನಕ್ಕೆ 50ರಿಂದ 100 ಕೂದಲು ಉದುರುತ್ತವೆ. ದಿನಾ ಬಾಚುವವರಿಗೆ ಅದು ದಿನಾ ಕಾಣಿಸುತ್ತದೆ. ನಮಗೆ ಉದುರಿದ್ದು ಸುರುಳಿಯೊಳಗೇ ಸಿಕ್ಕಿಕೊಂಡಿರುತ್ತದೆ. ನಾಲ್ಕು ದಿನದ್ದು ಒಟ್ಟಿಗೆ ಬಂದರೆ ಒಂದು ಹಿಡಿ ಆಗಲೇಬೇಕಲ್ವಾ? ಬೈತಲೆ ಅಗಲ ಆಗುತ್ತಿದ್ದರೆ, ಜಡೆ ತೆಳ್ಳಗಾಗುತ್ತಿದ್ದರೆ ಮಾತ್ರ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಕಬ್ಬಿಣಾಂಶ, ಥೈರಾಯ್ಡ್ ನೋಡುತ್ತಾರೆ.

ಸರಿ, ತಲೆಸ್ನಾನ ಹೇಗೆ ಮಾಡೋದು? ನಿಧಾನವಾಗಿ ಹೇಳಿ.

ವಾರಕ್ಕೆ ಎರಡು ಸಲ ಸಾಕು. ಶಾಂಪೂ ನೆತ್ತಿಗೆ ಮಾತ್ರ. ತುದಿಗೆ ತಿಕ್ಕಬೇಡಿ, ಮೇಲಿನಿಂದ ಇಳಿಯುವ ನೊರೆಯಲ್ಲೇ ಅದು ತೊಳೆದುಹೋಗುತ್ತದೆ. ಆಮೇಲೆ ಕಂಡೀಷನರ್ ಧಾರಾಳವಾಗಿ, ಕಿವಿಯಿಂದ ಕೆಳಗೆ. ನೀರು ಚಿಮುಕಿಸುತ್ತಾ ಕೂದಲನ್ನು ಅಂಗೈಯಲ್ಲಿ ಹಿಡಿದು ಮೇಲಕ್ಕೆ ಹಿಚುಕಿ. ಪಚ್ ಪಚ್ ಅಂತ ಕೆಸರಲ್ಲಿ ನಡೆದ ಶಬ್ದ ಬಂದರೆ ಒಳಗೆ ನೀರು ಸಾಕಷ್ಟು ಹೋಗಿದೆ ಅಂತ ಅರ್ಥ. ಸಿಕ್ಕು ಬಿಡಿಸಿ, ತೊಳೆಯಿರಿ.

ಈಗ ಬರುತ್ತದೆ ಎಲ್ಲರೂ ತಪ್ಪು ಮಾಡುವ ಜಾಗ. ತಲೆಗೆ ಟವೆಲ್ ಸುತ್ತಿ, ಬಿಚ್ಚಿ, ಪಟಪಟ ಹೊಡೆದು ಒಣಗಿಸುತ್ತೇವಲ್ಲ, ಅದು ಬೇಡ. ನೀರು ತೊಟ್ಟಿಕ್ಕುತ್ತಿರುವಾಗಲೇ ಜೆಲ್ ಹಚ್ಚಬೇಕು. ಒದ್ದೆಯಲ್ಲಿ ಸುರುಳಿಗಳು ತಾವಾಗೇ ಗುಂಪು ಗುಂಪಾಗಿ ಸೇರಿರುತ್ತವೆ, ಆ ಗುಂಪನ್ನು ಹಾಗೇ ಹಿಡಿದಿಡುವುದು ಜೆಲ್ಲಿನ ಕೆಲಸ. ಎರಡು ಅಂಗೈಗೆ ಸವರಿಕೊಂಡು ಕೂದಲ ಮೇಲೆ ಎಳೆಯಿರಿ, ಆಮೇಲೆ ಮತ್ತೆ ಮೇಲಕ್ಕೆ ಹಿಚುಕಿ. ಹಳೆಯ ಕಾಟನ್ ಬನಿಯನ್ನೋ ಪಂಚೆಯ ತುಂಡೋ ತಗೊಂಡು ಅದರಿಂದಲೇ ಹಿಚುಕಿ ನೀರು ತೆಗೆಯಿರಿ. ಅಪ್ಪನ ಹಳೆ ಪಂಚೆಯಷ್ಟು ಒಳ್ಳೆಯದು ಬೇರೆ ಇಲ್ಲ.

ಒಣಗಿದ ಮೇಲೆ ಕೂದಲು ಗಟ್ಟಿಯಾಗಿ, ಹಪ್ಪಳದ ಹಾಗೆ ಗರಿಗರಿ ಆಗಿರುತ್ತದೆ. ಗಾಬರಿ ಬೇಡ. ಪೂರ್ತಿ ಒಣಗಿದ ಮೇಲೆ ಅಂಗೈಗೆ ಎರಡು ಹನಿ ಎಣ್ಣೆ ಸವರಿ ಹಿಚುಕಿದರೆ ಗರಿ ಮುರಿದು ಮೆತ್ತಗಾಗುತ್ತದೆ. ಅರ್ಧ ಒಣಗಿದಾಗಲೇ ಆಸೆಪಟ್ಟು ಮುಟ್ಟಿದರೆ ಎಲ್ಲಾ ಕೆದರುತ್ತದೆ. ನಾನು ಈಗಲೂ ಮುಟ್ಟುತ್ತೇನೆ, ಆಮೇಲೆ ಬೈದುಕೊಳ್ಳುತ್ತೇನೆ.

ಜೆಲ್ಲಿಗೆಲ್ಲ ಎಷ್ಟು ಖರ್ಚು?

ಬೇಕಾದಷ್ಟು ಮಾಡಬಹುದು. ಮೊದಲ ವರ್ಷ ನಾನು ಹನ್ನೊಂದು ಬಾಟಲಿ ತಂದೆ, ಎಂಟು ಬಾತ್‌ರೂಮಿನಲ್ಲಿ ಧೂಳು ತಿಂದವು. ಈಗ ಅಗಸೆ ಬೀಜ. ಎರಡು ಲೋಟ ನೀರಿಗೆ ಕಾಲು ಲೋಟ ಅಗಸೆ ಹಾಕಿ, ಕೈಯಾಡಿಸುತ್ತಾ ಸಣ್ಣ ಉರಿಯಲ್ಲಿ ಕುದಿಸಿ. ಸೌಟು ಎತ್ತಿದರೆ ಮೊಟ್ಟೆಯ ಬಿಳಿ ಲೋಳೆಯ ಹಾಗೆ ಎಳೆ ಬರಬೇಕು. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿಬಿಡಿ. ಆರಿದರೆ ಮುಗಿಯಿತು, ಬಟ್ಟೆಗೂ ಬೀಜಕ್ಕೂ ಮದುವೆ ಆದ ಹಾಗೆ, ಬಿಡಿಸಲಾಗದು. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ. ಮೇಲೆ ಹೆಸರು ಬರೆದಿಡಿ. ನಮ್ಮ ಮನೆಯಲ್ಲಿ ಒಬ್ಬರು ಅದನ್ನು ಗಂಜಿ ಅಂದುಕೊಂಡಿದ್ದರು.

ಸೀಗೆಕಾಯಿ ಒಳ್ಳೇದಲ್ವಾ? ಅಜ್ಜಿ ಕಾಲದಿಂದ ಹಾಕ್ತಿದ್ದೀವಿ.

ಒಳ್ಳೆಯದೇ. ಎಣ್ಣೆ ಚೆನ್ನಾಗಿ ತೆಗೆಯುತ್ತದೆ. ಆದರೆ ಅಜ್ಜಿ ಸೀಗೆಪುಡಿ ಹಾಕುವ ಮುಂಚೆ ತಲೆ ತುಂಬಾ ಎಣ್ಣೆ ಮೆತ್ತುತ್ತಿದ್ದರು, ಅದು ಮರೆಯಬೇಡಿ. ಎಣ್ಣೆ ಇಲ್ಲದ ತಲೆಗೆ ಬರೀ ಪುಡಿ ತಿಕ್ಕಿದರೆ ತೆಂಗಿನ ನಾರಾಗುತ್ತದೆ. ಮೇಲಾಗಿ ಪುಡಿ ಸುರುಳಿಯೊಳಗೆ ಕೂತರೆ ಮೂರು ದಿನ ಭುಜದ ಮೇಲೆ ಉದುರುತ್ತಿರುತ್ತದೆ. ಕಾಯಿ ನೆನೆಸಿ ಕುದಿಸಿ ಸೋಸಿದ ನೀರು ವಾಸಿ.

ನನಗೆ ಅದಕ್ಕಿಂತ ಇಷ್ಟ ಮಲೆನಾಡಿನ ಗೊಂಪು. ದಾಸವಾಳದ ಸೊಪ್ಪನ್ನು ನೀರಲ್ಲಿ ಕಿವುಚಿದರೆ ಬರುವ ಹಸಿರು ಲೋಳೆ. ಅದು ತಲೆಯಲ್ಲಿರುವಾಗ ಸಿಕ್ಕು ಬೆರಳಿಗೇ ಬಿಟ್ಟುಕೊಡುತ್ತದೆ. ಈಗಿನವರು ಬಾಟಲಿಯಲ್ಲಿ ಹುಡುಕುವ ಜಾರುವಿಕೆ ಹಿತ್ತಿಲ ಬೇಲಿಯಲ್ಲೇ ಇತ್ತು.

ಎಣ್ಣೆ ವಿಷಯಕ್ಕೆ ಬಂದರೆ, ತೆಂಗಿನೆಣ್ಣೆ ಕೂದಲಿನ ಒಳಕ್ಕೇ ಇಳಿಯುತ್ತದೆ, ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ತಡೆಯುತ್ತದೆ. ಸ್ನಾನಕ್ಕೆ ಮುಂಚೆ ಒಂದು ಗಂಟೆ ಇದ್ದರೆ ಸಾಕು. ದೀಪಾವಳಿಯ ಎಣ್ಣೆಸ್ನಾನ ಇದೇ ತಾನೇ. ಹರಳೆಣ್ಣೆ ತುಂಬಾ ಅಂಟು, ಒಂದೇ ಹಾಕಬೇಡಿ. ಎಣ್ಣೆಯಿಂದ ಕೂದಲು ನೇರ ಆಗುವುದೂ ಇಲ್ಲ, ಗುಂಗುರಾಗುವುದೂ ಇಲ್ಲ.

ಊರಲ್ಲಿ ಚೆನ್ನಾಗಿರುತ್ತೆ, ಬೆಂಗಳೂರಿಗೆ ಬಂದರೆ ಪೊರಕೆ ಆಗುತ್ತೆ. ಯಾಕೆ?

ಬೋರ್‌ವೆಲ್ ನೀರು. ಅದರ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂದಲ ಮೇಲೆ ಪದರ ಪದರವಾಗಿ ಕೂರುತ್ತವೆ. ನಲ್ಲಿಯ ಮೇಲೆ ಬಿಳಿ ಕಲೆ ಕಟ್ಟಿದೆಯಾ ನೋಡಿ, ನಿಮ್ಮ ತಲೆಯಲ್ಲೂ ಅದೇ ಇದೆ. ಕಾವೇರಿ ನೀರು ಬರುವ ಬೀದಿಯಲ್ಲಿ ಇಷ್ಟು ಕಷ್ಟ ಇಲ್ಲ. ತಿಂಗಳಿಗೊಮ್ಮೆ ಇಡಿಟಿಎ (ಆ ಪದರವನ್ನು ಬಿಡಿಸುವ ವಸ್ತು) ಇರುವ ಶಾಂಪೂ ಹಾಕಿ. ಕೊನೆಯ ಎರಡು ಚೊಂಬು ಫಿಲ್ಟರ್ ನೀರು ಸುರಿದುಕೊಳ್ಳಿ. ಮನೆಯವರು ಗೊಣಗುತ್ತಾರೆ, ಗೊಣಗಲಿ.

ಹವೆಯದ್ದೂ ಪಾಲಿದೆ. ಮಂಗಳೂರಿನ ಮಳೆಗಾಲದಲ್ಲಿ ಗಾಳಿಯಲ್ಲಿರುವ ನೀರನ್ನು ಕೂದಲು ಕುಡಿದು ಉಬ್ಬುತ್ತದೆ. ಅಲ್ಲಿ ಗಟ್ಟಿ ಜೆಲ್ ಬೇಕು. ಕಲಬುರಗಿಯ ಬೇಸಿಗೆಯಲ್ಲಿ ಉಲ್ಟಾ. ಒಣ ಗಾಳಿ ಕೂದಲಿನಿಂದಲೇ ನೀರು ಎಳೆದುಕೊಳ್ಳುತ್ತದೆ, ಗ್ಲಿಸರಿನ್ ಜಾಸ್ತಿ ಇರುವ ಕ್ರೀಮು ಅಲ್ಲಿ ಕೈಕೊಡುತ್ತದೆ. ಮಂಗಳೂರಿನ ಗೆಳತಿಗೆ ಆಗಿಬಂದದ್ದು ನಿಮಗೂ ಆಗಬೇಕಿಲ್ಲ.

ಹೆಲ್ಮೆಟ್ ಹಾಕಿದರೆ ಎಲ್ಲಾ ಚಪ್ಪಟೆ. ಏನು ಮಾಡಲಿ?

ಹೆಲ್ಮೆಟ್ ಹಾಕಿ. ಒಳಗೆ ಸ್ಯಾಟಿನ್ ಬಟ್ಟೆ ಕಟ್ಟಿಕೊಳ್ಳಿ. ಇಳಿದ ಮೇಲೆ ಬೆರಳು ಒದ್ದೆ ಮಾಡಿ ಬುಡ ಸಡಿಲಿಸಿ.

ಒಂದು ಸಲ ಸ್ಟ್ರೈಟನಿಂಗ್ ಮಾಡಿಸಿಬಿಡೋಣ ಅಂತ ಇದೆ. ತಪ್ಪಾ?

ತಪ್ಪಲ್ಲ. ಕೂದಲು ನಿಮ್ಮದು. ಏನಾಗುತ್ತದೆ ಅಂತ ಗೊತ್ತಿದ್ದು ಮಾಡಿಸಿ, ಅಷ್ಟೇ.

ಕೂದಲಿನ ಆಕಾರವನ್ನು ಹಿಡಿದಿರುವುದು ಮುಖ್ಯವಾಗಿ ಎರಡು ಥರದ ಬಂಧ. ಒಂದು ನೀರು ತಾಗಿದರೆ ಬಿಡುತ್ತದೆ, ಒಣಗಿದರೆ ಮತ್ತೆ ಹಿಡಿಯುತ್ತದೆ. ಇಸ್ತ್ರಿ ಹಾಕಿದ ಹಾಗೆ ಮಾಡಿಸಿದ ಕೂದಲು ಮಳೆಗೆ ಸಿಕ್ಕರೆ ಸುರುಳಿಯಾಗುವುದು ಇದರಿಂದಲೇ. ಇನ್ನೊಂದು ಗಂಧಕದ ಬಂಧ, ಗಟ್ಟಿ. ಪಾರ್ಲರಿನಲ್ಲಿ ರಾಸಾಯನಿಕ ಹಚ್ಚಿ ಕೂದಲು ನೇರ ಮಾಡುವ ರಿಬಾಂಡಿಂಗ್ ಮುರಿಯುವುದು ಅದನ್ನು. ಒಮ್ಮೆ ಹಾಗೆ ಮಾಡಿದ ಕೂದಲು ಮತ್ತೆ ಗುಂಗುರಾಗಲ್ಲ, ಕತ್ತರಿಸಿಯೇ ಹೋಗಬೇಕು. ಬುಡದಿಂದ ಮಾತ್ರ ತಿಂಗಳಿಗೆ ಒಂದು ಸೆಂಟಿಮೀಟರ್‌ನಷ್ಟು ಹೊಸ ಗುಂಗುರು ಬರುತ್ತಲೇ ಇರುತ್ತದೆ.

ಕೂದಲು ನೇರ ಮಾಡಿಸುವ ಇನ್ನೊಂದು ಬಗೆ 'ಕೆರಾಟಿನ್', ಹೆಸರು ಚೆನ್ನಾಗಿದೆ. ಆದರೆ ಅಂಥ ಹಲವು ಕ್ರೀಮುಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಬಿಡುತ್ತವೆ. ಅದು ಕ್ಯಾನ್ಸರ್ ತರುವ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಪಟ್ಟಿ ಮಾಡಿದೆ. ಕಣ್ಣುರಿ, ಗಂಟಲು ಕೆರೆತ ಬಂದರೆ ಎದ್ದು ಬನ್ನಿ. ದಿನವಿಡೀ ಆ ಹೊಗೆ ಕುಡಿಯುವ ಪಾರ್ಲರ್ ಹುಡುಗಿಯರ ಗತಿ ಯೋಚಿಸಿ. ಫಾರ್ಮಾಲ್ಡಿಹೈಡ್ ಇಲ್ಲ ಅಂತ ಮಾರುವುದರಲ್ಲಿ ಎಷ್ಟೋ ಸಲ ಗ್ಲೈಆಕ್ಸಿಲಿಕ್ ಆಸಿಡ್ ಇರುತ್ತದೆ. ಅಂಥ ಕ್ರೀಮು ಹಚ್ಚಿಸಿಕೊಂಡ ಪ್ರತಿ ಸಲವೂ ಕಿಡ್ನಿ ತೊಂದರೆಯಾದ ಯುವತಿಯೊಬ್ಬಳ ವಿವರ 2024ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂತು. ಬಾಟಲಿಯ ಹಿಂದಿನ ಸಣ್ಣ ಅಕ್ಷರ ಓದಿ, ಓದಲು ಕೊಡದಿದ್ದರೆ ಮಾಡಿಸಬೇಡಿ.

ನಾನೂ ಮಾಡಿಸಿದ್ದೆ, 23ನೇ ವಯಸ್ಸಲ್ಲಿ. ನಾಲ್ಕೂವರೆ ಗಂಟೆ ಕುರ್ಚಿಯಲ್ಲಿ. ಎರಡು ತಿಂಗಳು ಎಲ್ಲರೂ ಹೊಗಳಿದರು. ಆಮೇಲೆ ಬುಡದಲ್ಲಿ ಗುಂಗುರು, ಕೆಳಗೆ ಪೊರಕೆ ಕಡ್ಡಿ. ನಡುವಿನ ಗೆರೆಯಲ್ಲಿ ಹಿಡಿದರೆ ಕೂದಲು ಪಟ್ ಅಂತ ಮುರಿಯುತ್ತಿತ್ತು. ಮೂರು ವರ್ಷ ಬಿಟ್ಟು ಕಿವಿ ಮಟ್ಟಕ್ಕೆ ಕತ್ತರಿಸಿಕೊಂಡೆ. ಮನೆಯ ಮುಂಬಾಗಿಲಿನ ಹೊಸ್ತಿಲು ದಾಟುವಾಗ ತಲೆ ಎಷ್ಟು ಹಗುರ ಅನ್ನಿಸಿತ್ತು ಅಂದರೆ, ಒಮ್ಮೆ ಮುಟ್ಟಿ ನೋಡಿಕೊಂಡೆ.

ಗಂಡಿನ ಕಡೆಯವರು ಬರ್ತಿದ್ದಾರೆ. ಕೂದಲು ನೇರ ಮಾಡಿಸಿಕೋ ಅಂತಿದ್ದಾರೆ ಚಿಕ್ಕಮ್ಮ.

ಚಿಕ್ಕಮ್ಮನ ಮೇಲೆ ರೇಗಬೇಡಿ, ಅವರು ನೋಡಿದ ಲೋಕ ಅದು. ಎಣ್ಣೆ ಹಚ್ಚಿ ಬಾಚಿದ ತಲೆ ಅಂದರೆ ಮನೆತನ, ಬಿಟ್ಟ ತಲೆ ಅಂದರೆ ಅಂಕೆ ಇಲ್ಲದ್ದು ಅನ್ನೋ ಲೆಕ್ಕ. ಆದರೆ ಮದುವೆಯಾದ ಮೊದಲ ವಾರವೇ ಆ ಮನೆಯ ಬಾತ್‌ರೂಮಿಂದ ಇದೇ ತಲೆ ಹೊರಗೆ ಬರುತ್ತದೆ. ಈಗಲೇ ನೋಡಿಕೊಂಡರೆ ಎಲ್ಲರಿಗೂ ಅನುಕೂಲ. ಇಂಟರ್‌ವ್ಯೂಗೂ ಇದೇ ಉತ್ತರ. ಮುಖದ ಮೇಲೆ ಬೀಳದ ಹಾಗೆ ಕ್ಲಿಪ್ ಹಾಕಿದರೆ ಸಾಕು.

'ಮ್ಯಾಗಿ', 'ಸಾಯಿಬಾಬಾ' ಅಂತ ರೇಗಿಸ್ತಾರೆ. ಏನು ಹೇಳಲಿ?

ನನಗೆ 'ಹಕ್ಕಿಗೂಡು' ಅಂತ ಇತ್ತು. ಪೆನ್ನು ಸಿಕ್ಕಿಸಿ ಬೀಳುತ್ತಾ ನೋಡುವರು. ಬೀಳುತ್ತಿರಲಿಲ್ಲ.

ತಮಾಷೆ ಏನೆಂದರೆ, ಗುಂಗುರನ್ನು ಹೊಗಳೋಕೆ ಕನ್ನಡದಲ್ಲಿ ಪದಗಳಿಗೇನೂ ಬರ ಇಲ್ಲ. ಹಣೆಯ ಮೇಲೆ ಇಳಿಯುವ ಸುರುಳಿಗೇ ಅಂತ 'ಮುಂಗುರುಳು' ಅನ್ನೋ ಪದ ಇಟ್ಟುಕೊಂಡ ಭಾಷೆ ನಮ್ಮದು. ಕವಿಗಳಿಗೆ ಮುಂಗುರುಳು ಬೇಕು, ಸ್ಕೂಲಿಗೆ ಬೇಡ. ಶ್ರವಣಬೆಳಗೊಳಕ್ಕೆ ಹೋದರೆ ಗೊಮ್ಮಟನ ತಲೆ ಸರಿಯಾಗಿ ನೋಡಿ. ಚಾವುಂಡರಾಯ ಸಾವಿರ ವರ್ಷಕ್ಕೂ ಹಿಂದೆ ಮಾಡಿಸಿದ ಆ ಮೂರ್ತಿಯ ತಲೆ ತುಂಬಾ ಪುಟ್ಟ ಪುಟ್ಟ ಸುರುಳಿಗಳು, ಒಂದೊಂದನ್ನೂ ಬಿಡಿಸಿ ಕೆತ್ತಿದ್ದಾರೆ. 2018ರ ಮಹಾಮಸ್ತಕಾಭಿಷೇಕದಲ್ಲಿ ಹಾಲು, ಅರಿಶಿನ ಎಲ್ಲಾ ಇಳಿದದ್ದು ಆ ಗುಂಗುರಿನ ಮೇಲಿಂದಲೇ.

ಇನ್ನೊಂದು ಮಾತನ್ನು ನಗದೆ ಹೇಳಬೇಕು. ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲೆಯ ಕಡೆ ಸಿದ್ದಿಗಳಿದ್ದಾರೆ. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ತಂದವರ ಪೀಳಿಗೆ. ಕನ್ನಡ, ಕೊಂಕಣಿ ಮಾತಾಡುವವರು, ಇದೇ ರಾಜ್ಯದವರು. ಶಾಂತಾರಾಮ ಸಿದ್ದಿ 2020ರಲ್ಲಿ ವಿಧಾನ ಪರಿಷತ್ತಿಗೂ ಹೋದರು. ಆದರೂ ಅವರ ಮಕ್ಕಳನ್ನು ಪೇಟೆಯಲ್ಲಿ "ಯಾವ ದೇಶ?" ಅಂತ ಕೇಳುವವರಿದ್ದಾರೆ. ನನ್ನನ್ನು ರೇಗಿಸಿದ್ದು ಬರೀ ಕೂದಲಿಗೆ, ಮನೆಗೆ ಬಂದರೆ ಮುಗಿಯಿತು. ಅವರಿಗೆ ಕೂದಲಿನ ನೆಪದಲ್ಲಿ ನೀನು ಇಲ್ಲಿಯವನೇ ಅಲ್ಲ ಅಂತ ಹೇಳಲಾಗುತ್ತದೆ. ಎರಡೂ ಒಂದೇ ತಕ್ಕಡಿಯಲ್ಲಿ ತೂಗುವಂಥದ್ದಲ್ಲ.

ರೇಗಿಸುವವರಿಗೆ ಏನು ಹೇಳಬೇಕು ಅಂದರೆ, ನನಗೆ ಇವತ್ತಿಗೂ ಒಳ್ಳೆಯ ಉತ್ತರ ಹೊಳೆದಿಲ್ಲ. ಹೊಳೆದಾಗ ಅವರು ಹೋಗಿಬಿಟ್ಟಿರುತ್ತಾರೆ.

ನನ್ನದು ನೇರ ಕೂದಲು, ಮಗಳದ್ದು ಗುಂಗುರು. ದಿನಾ ಬೆಳಿಗ್ಗೆ ರಂಪ.

ರಾತ್ರಿ ಸಡಿಲವಾಗಿ ಜಡೆ ಹಾಕಿ ಮಲಗಿಸಿ, ಸ್ಯಾಟಿನ್ ದಿಂಬಿನ ಕವರ್ ಹಾಕಿ. ಬೆಳಿಗ್ಗೆ ನೀರಿಗೆ ಒಂದು ಚಮಚ ಕಂಡೀಷನರ್ ಕಲಸಿ ಸ್ಪ್ರೇ ಮಾಡಿ, ಬೆರಳಲ್ಲೇ ಬಿಡಿಸಿ. ಹೇನಾದರೆ ಕಂಡೀಷನರ್ ತುಂಬಾ ಹಚ್ಚಿಯೇ ಸೀರಣಿಗೆ ಎಳೆಯಿರಿ. ಮುಖ್ಯವಾಗಿ, ಬಾಚುವಾಗ "ಎಂಥಾ ಕೂದಲೋ ನಿಂದು" ಅನ್ನಬೇಡಿ. ಬೆಂಗಳೂರಲ್ಲೇ ಹುಟ್ಟಿದ ಗುಂಗುರು ಕೂದಲಿನ ನಟಿ ನಿತ್ಯಾ ಮೆನನ್ ಫೋಟೋ ತೋರಿಸಿ.

ಗಂಡಸರಿಗೆ ಇದೆಲ್ಲ ಬೇಕಾ?

ಕೂದಲಿಗೆ ಗಂಡು ಹೆಣ್ಣು ಗೊತ್ತಾಗಲ್ಲ. ಕಟಿಂಗ್ ಶಾಪಿನಲ್ಲಿ ಒದ್ದೆ ಮಾಡಿ ಎಳೆದು ಕತ್ತರಿಸಿದರೆ, ಒಣಗಿದ ಮೇಲೆ ಎರಡು ಇಂಚು ಮೇಲೆ ಹೋಗಿರುತ್ತದೆ. "ಒಣಗಿರುವಾಗಲೇ ಕಟ್ ಮಾಡಿ ಅಣ್ಣ" ಅಂತ ಮೊದಲೇ ಹೇಳಿ.

ಗುಂಗುರು ಬಿಟ್ಟುಕೊಂಡರೆ ಹೂ ಮುಡಿಯೋದು ಹೇಗೆ? ಜಾರಲ್ವಾ?

ಜಾರುವುದು ನೇರ ಕೂದಲಿನವರಿಗೆ. ಅವರಿಗೆ ಪಿನ್ನು ಬೇಕು, ಕ್ಲಿಪ್ಪು ಬೇಕು. ನಮಗೆ ಒಂದು ಮೊಳ ಮಲ್ಲಿಗೆಯನ್ನು ಸುರುಳಿಯೊಳಗೆ ಸುಮ್ನೆ ತೂರಿಸಿದರೆ ಸಾಕು. ಹೋದ ಶ್ರಾವಣದಲ್ಲಿ ಮುಡಿದದ್ದು, ಬಸ್ಸಲ್ಲಿ ನಿದ್ದೆ ಮಾಡಿ ಎದ್ದರೂ ಅಲ್ಲೇ ಇತ್ತು. ಮಾರನೇ ದಿನ ತಲೆಗೆ ನೀರು ಹಾಕುವಾಗ ಎರಡು ಬಾಡಿದ ಮೊಗ್ಗು ಚೊಂಬಿಗೆ ಬಿದ್ದವು.